ಬೇಲಿಯೇ ಎದ್ದು ಹೊಲ ಮೇದಾಗ

ಸಿಡುಬು ಒಂದು ಸಲ ಬಂದುಹೋದವರಿಗೆ ಮತ್ತೆ ಬರುವುದಿಲ್ಲವೆಂಬುದು ಶಾಲೆಯ ಮೆಟ್ಟಿಲು ಹತ್ತದಿದ್ದ ಅಜ್ಜಿಯರಿಗೂ ತಿಳಿದಿದ್ದ ಸಂಗತಿ. ಸಿಡುಬೆದ್ದ ಮನೆಯಲ್ಲಿ ರೋಗಿಯ ಬಳಿ ಕುಳಿತು ಉಪಚಾರ ಮಾಡಲು, ಮುಖದ ಮೇಲೆ ಹಳೆಯ ಕಲೆಗಳಿದ್ದವರನ್ನೇ ಕರೆಯುತ್ತಿದ್ದರು. ದಡಾರವೂ ಹಾಗೆಯೇ, ಬಾಲ್ಯದಲ್ಲಿ ಒಮ್ಮೆ ಬಂದುಹೋದರೆ ಆಯುಷ್ಯಕ್ಕೆಲ್ಲ ರಕ್ಷೆ. ದೇಹವು ಒಮ್ಮೆ ಕಂಡ ಶತ್ರುವಿನ ಮುಖವನ್ನು ಮರೆಯುವುದಿಲ್ಲ. ಅವನು ಮತ್ತೆ ಬಂದನೆಂದರೆ ಊರಬಾಗಿಲಲ್ಲೇ ಹಿಡಿದು ಹಾಕುತ್ತದೆ. ದೇವಿ ಹಾಕಿಸುವ ಪದ್ಧತಿ ನಿಂತದ್ದೂ ಈ ನೆನಪಿನ ಬಲದ ಮೇಲೆಯೇ. ಅದರ ದೆಸೆಯಿಂದಲೇ 1980ರಲ್ಲಿ ಸಿಡುಬು ಭೂಮಿಯ ಮೇಲಿಂದಲೇ ಅಳಿಯಿತೆಂದು ಜಗತ್ತು ಸಾರುವಂತಾಯಿತು.

ಆದರೆ ಎಲ್ಲ ನಿಯಮಗಳಿಗೂ ಅಪವಾದವುಂಟು. ಮಳೆಗಾಲ ಹಿಡಿಯುತ್ತಲೇ ಪೇಟೆ ಪಟ್ಟಣಗಳ ಮನೆಮನೆಯನ್ನೂ ನಡುಗಿಸುವ ಡೆಂಗಿ ಜ್ವರ ಅಂಥದೊಂದು ಅಪವಾದ. ಇದು ಎರಡನೆಯ ಸಲವೂ ಬರುವುದುಂಟು. ಬಂದಾಗ ಮೊದಲಿಗಿಂತ ಉಗ್ರವಾಗಿರುವುದೂ ಉಂಟು. ಅದಕ್ಕಿಂತ ವಿಚಿತ್ರವೆಂದರೆ, ಆ ಉಗ್ರತೆಗೆ ಅನೇಕ ವೇಳೆ ಕಾರಣವಾಗುವುದು ಮೊದಲ ಸಲ ದೇಹವು ತನ್ನ ರಕ್ಷಣೆಗೆಂದು ಮಾಡಿಕೊಂಡ ಆಯುಧವೇ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು ಎಂಬ ಗಾದೆ ವೈದ್ಯಶಾಸ್ತ್ರದಲ್ಲಿ ಇಷ್ಟು ಅಕ್ಷರಶಃ ನಿಜವಾಗುವ ಪ್ರಸಂಗ ಇನ್ನೊಂದು ಸಿಕ್ಕುವುದು ಕಷ್ಟ.

ಬ್ಯಾಂಕಾಕಿನ ಮಕ್ಕಳು

ಕಥೆ ಆರಂಭವಾಗುವುದು ಆಗ್ನೇಯ ಏಷ್ಯದಲ್ಲಿ. ಡೆಂಗಿ ಹಳೆಯ ಕಾಯಿಲೆಯೇ. ಕೀಲುಮೂಳೆಗಳನ್ನು ಹಿಂಡಿ, ಕಣ್ಣಿನ ಹಿಂಬದಿಯಲ್ಲಿ ಸಿಡಿತ ಹುಟ್ಟಿಸಿ, ಒಂದು ವಾರ ಮನುಷ್ಯನನ್ನು ಹಾಸಿಗೆಗೆ ಅಂಟಿಸಿ, ಬಳಿಕ ತಾನಾಗಿಯೇ ಇಳಿದುಹೋಗುವ ಜ್ವರ ಅದೆಂದು ವೈದ್ಯರು ಬಗೆದಿದ್ದರು. ಸಾವು ತರುವ ರೋಗಗಳ ಪಟ್ಟಿಯಲ್ಲಿ ಅದಕ್ಕೆ ಸ್ಥಾನವಿರಲಿಲ್ಲ. ಆದರೆ 1953-54ರಲ್ಲಿ ಫಿಲಿಪೀನ್ಸಿನ ಮನಿಲಾ ನಗರದಲ್ಲಿ ಮಕ್ಕಳಿಗೆ ಒಂದು ಹೊಸ ಬಗೆಯ ಜ್ವರ ಕಾಣಿಸಿಕೊಂಡಿತು. ಮೈಮೇಲೆ ರಕ್ತದ ಚುಕ್ಕೆಗಳು, ಮೂಗು ಒಸಡುಗಳಲ್ಲಿ ರಕ್ತ, ಕೈಕಾಲು ತಣ್ಣಗಾಗಿ ನಾಡಿ ಸಿಕ್ಕದ ಸ್ಥಿತಿ. 1958ರಲ್ಲಿ ಅದೇ ವ್ಯಾಧಿ ಥಾಯ್ಲೆಂಡಿನ ಬ್ಯಾಂಕಾಕಿಗೆ ಬಂದಿತು. ಎರಡು ಸಾವಿರಕ್ಕೂ ಮಿಕ್ಕ ಮಕ್ಕಳು ಆಸ್ಪತ್ರೆ ಸೇರಿದರು. ಹತ್ತರಲ್ಲಿ ಒಂದರಂತೆ ಮಡಿದವು. ರಕ್ತವನ್ನು ಪರೀಕ್ಷಿಸಿ ನೋಡಿದಾಗ ಸಿಕ್ಕಿದ್ದು ಯಾವುದೋ ಹೊಸ ರೋಗಾಣುವಲ್ಲ, ಅದೇ ಹಳೆಯ ಡೆಂಗಿಯ ವೈರಸ್!

ಸಾಧುವೆಂದು ತಿಳಿದಿದ್ದ ಪ್ರಾಣಿ ಹುಲಿಯಾದದ್ದು ಹೇಗೆ? 1961ರಲ್ಲಿ ಬ್ಯಾಂಕಾಕಿನ ಸಂಶೋಧನಾಲಯಕ್ಕೆ ಬಂದ ಅಮೆರಿಕದ ವೈದ್ಯ ಸ್ಕಾಟ್ ಹಾಲ್‌ಸ್ಟೆಡ್ ಈ ಪ್ರಶ್ನೆಯನ್ನು ಬೆನ್ನುಹತ್ತಿದರು. ಆಸ್ಪತ್ರೆಗೆ ಬಂದ ಮಕ್ಕಳ ವಯಸ್ಸನ್ನು ಕ್ರಮವಾಗಿ ಬರೆದಿಟ್ಟು ನೋಡಿದಾಗ ಅವರ ಕಣ್ಣಿಗೆ ಎರಡು ವಿಚಿತ್ರ ಸಂಗತಿಗಳು ಬಿದ್ದವು. ಒಂದು: ಉಗ್ರರೋಗಕ್ಕೆ ಸಿಕ್ಕವರಲ್ಲಿ ಎರಡು ಗುಂಪುಗಳಿದ್ದವು. ಇನ್ನೂ ವರ್ಷ ತುಂಬದ ಹಸುಗೂಸುಗಳದು ಒಂದು, ಮೂರು ವರ್ಷ ದಾಟಿದ ಮಕ್ಕಳದು ಮತ್ತೊಂದು. ಒಂದರಿಂದ ಎರಡು ವರ್ಷದೊಳಗಿನ ಮಕ್ಕಳು ಇವರ ನಡುವೆ ಬಹುಮಟ್ಟಿಗೆ ಪಾರಾಗಿದ್ದರು. ಇನ್ನೊಂದು: ದೊಡ್ಡ ಮಕ್ಕಳ ರಕ್ತದಲ್ಲಿ ಹಿಂದೊಮ್ಮೆ ಡೆಂಗಿ ಬಂದುಹೋಗಿದ್ದ ಗುರುತಿತ್ತು. ಆ ಊರಿನಲ್ಲೇ ನೆಲೆಸಿದ್ದ ವಿದೇಶೀಯರಿಗೂ ಡೆಂಗಿ ತಗುಲುತ್ತಿತ್ತು. ಅವರಲ್ಲಿ ಬಹುತೇಕರಿಗೆ ಅದು ಮೊದಲನೆಯ ಸಲ; ಅವರಲ್ಲಿ ಈ ಭಯಂಕರ ರೂಪ ಕಾಣಿಸಿಕೊಳ್ಳಲಿಲ್ಲ.

ಇದರಿಂದ ಹೊರಟ ತೀರ್ಮಾನವನ್ನು ಒಪ್ಪಿಕೊಳ್ಳುವುದು ಅಂದಿನ ವೈದ್ಯಲೋಕಕ್ಕೆ ಸುಲಭವಾಗಿರಲಿಲ್ಲ. ಒಮ್ಮೆ ರೋಗವುಂಡವನೇ ಎರಡನೆಯ ಸಲ ಹೆಚ್ಚು ಅಪಾಯದಲ್ಲಿರುವನೆಂದರೆ ನಂಬುವವರಾರು? ಅಲ್ಲದೆ ಹಸುಗೂಸುಗಳ ಗತಿಯೇನು? ಅವಕ್ಕೆ ಬಂದದ್ದು ಮೊದಲ ಡೆಂಗಿಯೇ ತಾನೆ? ಈ ಒಗಟನ್ನು ಬಿಡಿಸಬೇಕಾದರೆ, ಡೆಂಗಿಯ ವೈರಸ್ಸು ದೇಹದ ಯಾವ ಮನೆಗೆ, ಯಾವ ಬಾಗಿಲಿನಿಂದ ನುಗ್ಗುತ್ತದೆಂಬುದನ್ನು ಅರಿಯಬೇಕು.

ನಾಲ್ವರು ಅಣ್ಣತಮ್ಮಂದಿರು

ಡೆಂಗಿಯ ವೈರಸ್ಸು ಒಂದಲ್ಲ, ನಾಲ್ಕು. ನಾಲ್ವರು ಅಣ್ಣತಮ್ಮಂದಿರಂತೆ ಅವುಗಳ ಮುಖಚರ್ಯೆ ಒಂದನ್ನೊಂದು ಹೋಲುತ್ತದೆ. ಆದರೂ ಅವು ಬೇರೆ ಬೇರೆಯೇ. ಮೊದಲನೆಯ ಎರಡನ್ನು 1940ರ ದಶಕದಲ್ಲಿ ಗುರುತಿಸಿದ್ದರು. ಮೂರನೆಯದೂ ನಾಲ್ಕನೆಯದೂ ಮನಿಲಾದ ರೋಗಿಗಳಲ್ಲಿ 1956ರಲ್ಲಿ ಪತ್ತೆಯಾದವು. ಒಂದನೆಯ ಬಗೆಯ ಡೆಂಗಿ ಬಂದು ವಾಸಿಯಾದವನಿಗೆ ಅದೇ ಬಗೆಯದು ಮತ್ತೆ ಬರುವುದು ಅಪೂರ್ವ. ಆದರೆ ಎರಡನೆಯ, ಮೂರನೆಯ, ನಾಲ್ಕನೆಯ ಬಗೆಗಳು ಬರಲು ಅಡ್ಡಿಯಿಲ್ಲ. ಮೊದಲ ಕೆಲವು ತಿಂಗಳು ಮಾತ್ರ ನಾಲ್ಕರಿಂದಲೂ ಅಷ್ಟಿಷ್ಟು ರಕ್ಷಣೆಯಿರುತ್ತದೆ. ಬಳಿಕ ಅದು ಸವೆಯುತ್ತದೆ.

ಶತ್ರು ಒಳಹೊಕ್ಕಾಗ ದೇಹವು ತಯಾರಿಸುವ ಆಯುಧಕ್ಕೆ ಪ್ರತಿಕಾಯವೆಂದು ಹೆಸರು. ಕವಲೊಡೆದ ಕೋಲಿನಂತಿರುವ ಈ ಸೂಕ್ಷ್ಮ ವಸ್ತುವಿಗೆ ಮೇಲೆ ಎರಡು ತೋಳು, ಕೆಳಗೆ ಒಂದು ಪಾದ. ತೋಳುಗಳು ವೈರಸ್ಸನ್ನು ಅಪ್ಪಿ ಹಿಡಿಯುತ್ತವೆ. ಸಾಕಷ್ಟು ಪ್ರತಿಕಾಯಗಳು ಸೇರಿ, ಅಂಟುವ ಭಾಗಗಳನ್ನೆಲ್ಲ ಮುಚ್ಚುವಂತೆ ಬಿಗಿಯಾಗಿ ಹಿಡಿದರೆ ವೈರಸ್ಸಿನ ಆಟ ಮುಗಿಯಿತು. ಪಾದಕ್ಕೆ ಇನ್ನೊಂದು ಕೆಲಸ. ರಕ್ತದಲ್ಲಿಯೂ ಚರ್ಮ ಮೊದಲಾದ ಅಂಗಗಳಲ್ಲಿಯೂ ಪಹರೆ ತಿರುಗುವ ಬಿಳಿಯ ಕಣಗಳುಂಟು. ಸಿಕ್ಕಿದ ಶತ್ರುವನ್ನು ನುಂಗಿ ಜೀರ್ಣಿಸಿಕೊಳ್ಳುವುದು ಅವುಗಳ ವೃತ್ತಿಯಾದ್ದರಿಂದ ಅವನ್ನು ಭಕ್ಷಕ ಕಣಗಳೆನ್ನಬಹುದು. ಈ ಕಣಗಳ ಮೈಮೇಲೆ, ಪ್ರತಿಕಾಯದ ಪಾದ ಸರಿಯಾಗಿ ಕೂರುವಂಥ ಹಿಡಿಕೆಗಳಿರುತ್ತವೆ. ವಿಜ್ಞಾನಿಗಳು ಇವನ್ನು ಗ್ರಾಹಿಗಳೆಂದು ಕರೆಯುತ್ತಾರೆ. ಪ್ರತಿಕಾಯ ಶತ್ರುವನ್ನು ಹಿಡಿದು ತರುತ್ತದೆ, ಗ್ರಾಹಿ ಪ್ರತಿಕಾಯವನ್ನು ಹಿಡಿಯುತ್ತದೆ, ಕಣವು ಇಬ್ಬರನ್ನೂ ಒಳಗೆ ಸೆಳೆದುಕೊಂಡು ಆಮ್ಲ ತುಂಬಿದ ಪುಟ್ಟ ಚೀಲದಲ್ಲಿ ಹಾಕಿ ಕರಗಿಸುತ್ತದೆ. ಸಾಮಾನ್ಯ ಶತ್ರುಗಳ ಮಟ್ಟಿಗೆ ಇದಕ್ಕಿಂತ ಉತ್ತಮ ವ್ಯವಸ್ಥೆ ಬೇಕಿಲ್ಲ.

ಆದರೆ ಡೆಂಗಿಯ ವೈರಸ್ಸು ಹಂಬಲಿಸುವುದು ಈ ಭಕ್ಷಕ ಕಣದ ಒಳಮನೆಯನ್ನೇ. ಸೊಳ್ಳೆಯ ಕಡಿತದಿಂದ ಚರ್ಮದೊಳಗೆ ಇಳಿದೊಡನೆ ಅದು ಮೊದಲು ಹಿಡಿಯುವುದು ಅಲ್ಲಿ ಪಹರೆಯಿರುವ ಇಂಥ ಕಣಗಳನ್ನು. ಅಲ್ಲಿಂದ ರಕ್ತಕ್ಕೂ ಇತರ ಅಂಗಗಳಿಗೂ ಹರಡಿ, ಅಲ್ಲಲ್ಲಿಯ ಭಕ್ಷಕ ಕಣಗಳನ್ನು ಹೊಕ್ಕು, ಅವುಗಳ ಸಲಕರಣೆಗಳಿಂದಲೇ ತನ್ನ ಸಾವಿರಾರು ಪ್ರತಿಗಳನ್ನು ತಯಾರಿಸಿಕೊಳ್ಳುತ್ತದೆ. ಪ್ರತಿಕಾಯದ ನೆರವಿಲ್ಲದೆಯೂ ಅದು ನುಗ್ಗಬಲ್ಲುದು. ಕಣದ ಮೇಲಿನ ಬೇರೆ ಕೆಲವು ಹಿಡಿಕೆಗಳನ್ನು ಅದು ಬಳಸಿಕೊಳ್ಳುತ್ತದೆ. ಆದರೆ ಆ ದಾರಿ ಅಷ್ಟು ಸುಗಮವಲ್ಲ. ಇನ್ನು, ಶತ್ರುವನ್ನು ಕರಗಿಸಬೇಕಾದ ಆಮ್ಲಕ್ಕೆ ಅದು ಅಂಜುವುದೂ ಇಲ್ಲ. ಆಮ್ಲ ತಾಕಿದೊಡನೆ ವೈರಸ್ಸಿನ ಹೊದಿಕೆ ರೂಪ ಬದಲಿಸಿ, ಚೀಲದ ಗೋಡೆಯೊಡನೆ ಬೆಸೆದುಕೊಂಡು, ಅದರ ತಿರುಳು ಕಣದ ಒಡಲಿಗೆ ಜಾರಿಬಿಡುತ್ತದೆ. ಕೊಲ್ಲಲೆಂದು ಇಟ್ಟ ಕುಲುಮೆಯೇ ಅದಕ್ಕೆ ಬೀಗದ ಕೈಯಾಗುತ್ತದೆ.

ಅರೆಬರೆ ಆಯುಧದ ಅಪಾಯ

ಈಗ ಎರಡನೆಯ ಸಲದ ಜ್ವರವನ್ನು ಊಹಿಸಿಕೊಳ್ಳಬಹುದು. ಮೊದಲು ಒಂದನೆಯ ಬಗೆಯ ಡೆಂಗಿ ಬಂದಿದ್ದವನಿಗೆ ಕೆಲವು ವರ್ಷಗಳ ಬಳಿಕ ಎರಡನೆಯ ಬಗೆ ತಗುಲಿತೆನ್ನೋಣ. ಹಳೆಯ ಪ್ರತಿಕಾಯಗಳು ಇನ್ನೂ ರಕ್ತದಲ್ಲಿವೆ. ಹೊಸಬನನ್ನು ಕಂಡೊಡನೆ, ಹಳೆಯವನ ತಮ್ಮನಂತಿರುವ ಅವನನ್ನು ಅವು ಹಿಡಿಯುತ್ತವೆ. ಆದರೆ ಹೋಲಿಕೆ ಪೂರ್ತಿಯಲ್ಲವಾದ್ದರಿಂದ ಹಿಡಿತ ಬಿಗಿಯಲ್ಲ, ಸಂಖ್ಯೆಯೂ ಸಾಲದು. ವೈರಸ್ಸು ಸಾಯುವುದಿಲ್ಲ. ಪಾದ ಮಾತ್ರ ಎಂದಿನಂತೆ ಭಕ್ಷಕ ಕಣದ ಗ್ರಾಹಿಯಲ್ಲಿ ಕೂರುತ್ತದೆ. ಕಣವು ಎಂದಿನಂತೆ ಅದನ್ನು ಒಳಕ್ಕೆ ಸೆಳೆದುಕೊಳ್ಳುತ್ತದೆ. ಜೀವಂತ ಶತ್ರುವನ್ನು ಪೋಲೀಸಿನವನೇ ಪಲ್ಲಕ್ಕಿಯಲ್ಲಿ ಕೂರಿಸಿ ಕೋಟೆಯೊಳಕ್ಕೆ ಹೊತ್ತು ತಂದಂತಾಯಿತು!

ಇದು ಬರಿಯ ಊಹೆಯಲ್ಲ. ಆಸ್ಟ್ರೇಲಿಯದ ರಾಯ್ಲ್ ಹಾಕ್ಸ್ ಎಂಬ ವಿಜ್ಞಾನಿ 1964ರಲ್ಲಿಯೇ ಡೆಂಗಿಯ ಬಂಧುಗಳಾದ ಕೆಲವು ವೈರಸ್ಸುಗಳ ಮೇಲೆ ಪ್ರಯೋಗ ನಡೆಸಿದ್ದರು. ಪ್ರತಿಕಾಯವುಳ್ಳ ದ್ರವವನ್ನು ಗಟ್ಟಿಯಾಗಿ ಬೆರೆಸಿದಾಗ ವೈರಸ್ಸು ಸತ್ತಿತು. ಬಹಳವಾಗಿ ತೆಳುಮಾಡಿ ಬೆರೆಸಿದಾಗ, ಏನೂ ಬೆರೆಸದಿದ್ದಾಗಿಗಿಂತಲೂ ಹೆಚ್ಚಾಗಿ ಬೆಳೆಯಿತು. ಹಾಲ್‌ಸ್ಟೆಡ್ ಮತ್ತು ಅವರ ಸಂಗಡಿಗರು 1977ರಲ್ಲಿ ಡೆಂಗಿಯ ವಿಷಯದಲ್ಲಿ ಇದನ್ನೇ ರಕ್ತದ ಬಿಳಿಯ ಕಣಗಳಲ್ಲಿ ತೋರಿಸಿದರು. ಪ್ರತಿಕಾಯದ ಪಾದವನ್ನು ಕತ್ತರಿಸಿ ತೆಗೆದು ತೋಳುಗಳನ್ನಷ್ಟೇ ಬೆರೆಸಿದಾಗ ಈ ವೃದ್ಧಿ ಕಾಣಲಿಲ್ಲ. ಅಪರಾಧಿ ಯಾರೆಂಬುದು ಇದರಿಂದ ಸ್ಪಷ್ಟವಾಯಿತು. 1979ರಲ್ಲಿ, ಡೆಂಗಿಯನ್ನೇ ಕಾಣದಿದ್ದ ಮಂಗಗಳಿಗೆ ಮನುಷ್ಯರ ಪ್ರತಿಕಾಯವನ್ನು ಅಲ್ಪ ಪ್ರಮಾಣದಲ್ಲಿ ಚುಚ್ಚಿ ಬಳಿಕ ವೈರಸ್ಸನ್ನು ಕೊಟ್ಟಾಗ, ಅವುಗಳ ರಕ್ತದಲ್ಲಿ ವೈರಸ್ಸು ಉಳಿದ ಮಂಗಗಳಿಗಿಂತ ಹೆಚ್ಚಾಗಿ ಬೆಳೆಯಿತು.

ಹಸುಗೂಸುಗಳ ಒಗಟೂ ಈ ಬೆಳಕಿನಲ್ಲಿ ಬಿಡಿಸಿಕೊಂಡಿತು. ಬ್ಯಾಂಕಾಕಿನ ತಾಯಂದಿರಿಗೆ ಡೆಂಗಿ ಹಳೆಯ ಪರಿಚಯ. ಗರ್ಭದಲ್ಲಿರುವಾಗಲೇ ತಾಯಿಯ ಪ್ರತಿಕಾಯಗಳು ಮಗುವಿನ ರಕ್ತಕ್ಕೆ ಇಳಿಯುತ್ತವೆ. ಹುಟ್ಟಿದ ಮೊದಲ ಕೆಲವು ತಿಂಗಳು ಅವು ಹೇರಳವಾಗಿದ್ದು ಮಗುವನ್ನು ಕಾಯುತ್ತವೆ. ತಿಂಗಳು ಕಳೆದಂತೆ ಕ್ಷೀಣಿಸಿ, ಆರರಿಂದ ಒಂಬತ್ತು ತಿಂಗಳ ಸುಮಾರಿಗೆ, ಕೊಲ್ಲಲು ಸಾಲದ ಆದರೆ ಹಿಡಿಯಲು ಸಾಕಾಗುವ ಮಟ್ಟಕ್ಕೆ ಬರುತ್ತವೆ. ಆ ವೇಳೆಯಲ್ಲಿ ಸೊಳ್ಳೆ ಕಡಿದರೆ ಮಗುವಿನ ಮೊದಲನೆಯ ಡೆಂಗಿಯೇ ಎರಡನೆಯದರಂತೆ ವರ್ತಿಸುತ್ತದೆ. ವರ್ಷ ತುಂಬಿದ ಮೇಲೆ ತಾಯಿಯ ಕೊಡುಗೆ ಪೂರ್ತಿ ಕರಗಿ, ಆ ಅಪಾಯ ತಪ್ಪುತ್ತದೆ. ಎರಡು ಗುಂಪುಗಳ ನಡುವಣ ಮಕ್ಕಳು ಪಾರಾದ ಗುಟ್ಟು ಇದು. ಇಷ್ಟನ್ನು ಕೇಳಿ ತಾಯಂದಿರು ತಮ್ಮನ್ನು ಹಳಿದುಕೊಳ್ಳಬೇಕಾಗಿಲ್ಲ. ಅದೇ ಕೊಡುಗೆಯ ಇತರ ಪ್ರತಿಕಾಯಗಳು ಮಗುವನ್ನು ಇನ್ನೆಷ್ಟೋ ರೋಗಗಳಿಂದ ಕಾಯುತ್ತಿರುತ್ತವೆ.

ಕ್ಯೂಬಾ ಕಲಿಸಿದ ಪಾಠ

ಪ್ರಯೋಗಶಾಲೆಯ ಮಾತನ್ನು ಊರೂರು ಮನುಷ್ಯರಲ್ಲಿ ಪರೀಕ್ಷಿಸಿ ನೋಡಲಾಗದು. ಪ್ರಕೃತಿಯೇ ಅಂಥ ಪರೀಕ್ಷೆಯನ್ನು ನಡೆಸಿದರೆ ಉಂಟು. ಕ್ಯೂಬಾ ದ್ವೀಪದಲ್ಲಿ ಅದು ನಡೆದುಹೋಯಿತು. ದಶಕಗಳ ಕಾಲ ಡೆಂಗಿಯ ದೊಡ್ಡ ಹಾವಳಿಯನ್ನು ಕಾಣದಿದ್ದ ಆ ದೇಶಕ್ಕೆ 1977ರಲ್ಲಿ ಒಂದನೆಯ ಬಗೆಯ ವೈರಸ್ಸು ಬಂದಿತು. ಅರ್ಧಕ್ಕೆ ಸಮೀಪವಾಗುವಷ್ಟು ಜನರಿಗೆ ಸೋಂಕು ತಗುಲಿದರೂ ರೋಗ ಮೃದುವಾಗಿತ್ತು. ಜನ ಮರೆತರು. 1981ರಲ್ಲಿ ಎರಡನೆಯ ಬಗೆ ಬಂದಿತು. ಕೆಲವೇ ತಿಂಗಳಲ್ಲಿ 3,44,203 ಮಂದಿ ರೋಗಿಗಳು, ಆಸ್ಪತ್ರೆ ಸೇರಿದವರು ಲಕ್ಷಕ್ಕೂ ಮಿಕ್ಕು, ಉಗ್ರಸ್ಥಿತಿಗೆ ಹೋದವರು 10,312, ಸತ್ತವರು 158. ಸತ್ತವರಲ್ಲಿ 101 ಮಂದಿ ಮಕ್ಕಳು. ಉಗ್ರರೋಗ ಬಂದವರಲ್ಲಿ ಬಹುಪಾಲು ಜನ ಮೊದಲ ಹಾವಳಿಯಲ್ಲಿ ಸೋಂಕು ಪಡೆದವರೇ ಎಂದು ರಕ್ತಪರೀಕ್ಷೆಯಿಂದ ತಿಳಿದುಬಂದಿತು.

ಅಷ್ಟಕ್ಕೆ ಪಾಠ ಮುಗಿಯಲಿಲ್ಲ. 1997ರಲ್ಲಿ ಅದೇ ದೇಶದ ಸಾಂಟಿಯಾಗೊ ನಗರದಲ್ಲಿ ಎರಡನೆಯ ಬಗೆಯ ಡೆಂಗಿ ಮತ್ತೆ ತಲೆಯೆತ್ತಿತು. ಈ ಸಲ ಉಗ್ರರೋಗಕ್ಕೆ ತುತ್ತಾದವರು ಬಹುಮಟ್ಟಿಗೆ ವಯಸ್ಕರು. ಸತ್ತ 12 ಮಂದಿಯೂ ವಯಸ್ಕರೇ. ಹಳೆಯ ಹಾವಳಿಗಳು ಮುಗಿದ ಮೇಲೆ ಹುಟ್ಟಿದ ಮಕ್ಕಳಿಗೆ ಜ್ವರ ಬಂದರೂ ಅದು ಅವರಿಗೆ ಮೊದಲನೆಯದಾದ್ದರಿಂದ ಪ್ರಾಣಕ್ಕೆ ಎರವಾಗಲಿಲ್ಲ. ಇಪ್ಪತ್ತು ವರ್ಷಗಳ ಹಿಂದಿನ ಸೋಂಕಿನ ನೆನಪು ಅಷ್ಟು ಕಾಲದ ಮೇಲೂ ದೇಹವನ್ನು ವಂಚಿಸಬಲ್ಲುದೆಂದು ಆಗ ಗೊತ್ತಾಯಿತು. ಅದೂ ಅಲ್ಲದೆ, ನಡುವಣ ಅವಧಿ ನಾಲ್ಕು ವರ್ಷವಿದ್ದಾಗಿಗಿಂತ ಇಪ್ಪತ್ತು ವರ್ಷವಿದ್ದಾಗ ಪರಿಣಾಮ ಹೆಚ್ಚು ಕಠಿಣವಾಗಿತ್ತು.

ರಕ್ತ ಸೋರುವುದಕ್ಕಿಂತ ನೀರು ಸೋರುವುದು

ಭಕ್ಷಕ ಕಣಗಳೊಳಗೆ ವೈರಸ್ಸು ಹೆಚ್ಚಾಗಿ ನುಗ್ಗಿದರೆ ರೋಗವೇಕೆ ಉಗ್ರವಾಗಬೇಕು? ಈ ಕಣಗಳು ಬರಿಯ ನುಂಗುವ ಯಂತ್ರಗಳಲ್ಲ. ಅಪಾಯದ ಗಂಟೆ ಬಾರಿಸುವವೂ ಅವೇ. ಒಂದೊಂದೂ ವೈರಸ್ಸಿನ ಕಾರ್ಖಾನೆಯಾದಾಗ, ಅವು ಉದ್ರೇಕಗೊಂಡು ಬಗೆಬಗೆಯ ಸಂದೇಶವಸ್ತುಗಳನ್ನು ರಕ್ತಕ್ಕೆ ಸುರಿಯುತ್ತವೆ. ವೈರಸ್ಸು ತಾನೂ ಎನ್‌ಎಸ್ 1 ಎಂಬ ಒಂದು ಪ್ರೋಟೀನನ್ನು ಹೊರಚೆಲ್ಲುತ್ತದೆ. ಜ್ವರದ ಮೊದಲ ದಿನಗಳಲ್ಲಿ ವೈದ್ಯರು ಬರೆದುಕೊಡುವ ರಕ್ತಪರೀಕ್ಷೆಯ ಚೀಟಿಯಲ್ಲಿ ಕಾಣುವ ಹೆಸರು ಇದೇ. ಅದು ರೋಗದ ಗುರುತು ಮಾತ್ರವಲ್ಲ, ರಕ್ತನಾಳಗಳ ಒಳಪದರವನ್ನು ಸಡಿಲಿಸುವ ಗುಣವೂ ಅದಕ್ಕಿದೆಯೆಂದು 2015ರಲ್ಲಿ ಪ್ರಕಟವಾದ ಸಂಶೋಧನೆಗಳು ತೋರಿಸಿದವು. ಇವೆಲ್ಲ ಸೇರಿ ಕೂದಲಿಗಿಂತ ಸಣ್ಣ ರಕ್ತನಾಳಗಳ ಗೋಡೆ ಜಾಳುಜಾಳಾಗಿ, ರಕ್ತದ ತಿಳಿಭಾಗ ಹೊಟ್ಟೆಗೂ ಎದೆಗೂಡಿಗೂ ಸೋರತೊಡಗುತ್ತದೆ. ಉಳಿದ ರಕ್ತ ಮಂದವಾಗುತ್ತದೆ, ಒತ್ತಡ ಕುಸಿಯುತ್ತದೆ. ಪ್ರಾಣಾಪಾಯ ಮುಖ್ಯವಾಗಿ ಇಲ್ಲಿದೆ.

ಮನೆಯವರ ಗಮನವೆಲ್ಲ ಸಾಮಾನ್ಯವಾಗಿ ಪ್ಲೇಟ್‌ಲೆಟ್‌ಗಳ ಲೆಕ್ಕದ ಮೇಲೆ. ಇಂದು ಎಷ್ಟು, ನಾಳೆ ಎಷ್ಟು ಎಂದು ದೂರವಾಣಿಯಲ್ಲಿ ನೆಂಟರಿಷ್ಟರಿಗೆಲ್ಲ ವರದಿ ಹೋಗುತ್ತದೆ. ಆ ಲೆಕ್ಕ ಉಪಯುಕ್ತವೇ. ಆದರೆ ರಕ್ತ ಎಷ್ಟು ಗಟ್ಟಿಯಾಗಿದೆ, ರೋಗಿಗೆ ಮೂತ್ರ ಸರಿಯಾಗಿ ಹೋಗುತ್ತಿದೆಯೇ, ಕೈಕಾಲು ಬೆಚ್ಚಗಿವೆಯೇ ಎಂಬುದನ್ನು ವೈದ್ಯರು ಅದಕ್ಕಿಂತ ಹೆಚ್ಚಿನ ಕಾಳಜಿಯಿಂದ ನೋಡುತ್ತಾರೆ. ಇನ್ನೊಂದು ಮೋಸವೂ ಉಂಟು. ಮೂರರಿಂದ ಏಳನೆಯ ದಿನದೊಳಗೆ ಜ್ವರ ಇಳಿಯುತ್ತದೆ. ಕಾಯಿಲೆ ಹೋಯಿತೆಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ. ಸೋರಿಕೆ ಆರಂಭವಾಗುವುದು ಸರಿಯಾಗಿ ಆ ಹೊತ್ತಿನಲ್ಲೇ! ಜ್ವರ ಇಳಿದ ಮೇಲಿನ ಒಂದೆರಡು ದಿನಗಳೇ ಪರೀಕ್ಷೆಯ ಕಾಲ. ಹೊಟ್ಟೆನೋವು, ಬಿಡದ ವಾಂತಿ, ಒಸಡು ಮೂಗುಗಳಲ್ಲಿ ರಕ್ತ, ಮಂಪರು ಅಥವಾ ಚಡಪಡಿಕೆ, ಇವುಗಳಲ್ಲಿ ಒಂದು ಕಂಡರೂ ರಾತ್ರಿಯೋ ಹಗಲೋ ಎಂದು ನೋಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಸಕಾಲದಲ್ಲಿ, ಅಳತೆಯರಿತು ದ್ರವ ಕೊಟ್ಟರೆ ಈ ಸೋರಿಕೆಯನ್ನು ದಾಟಿಸಬಹುದು. ಆರೈಕೆಯಿಲ್ಲದಿದ್ದರೆ ಉಗ್ರ ಡೆಂಗಿಯಲ್ಲಿ ನೂರಕ್ಕೆ ಇಪ್ಪತ್ತರವರೆಗೂ ಏರಬಹುದಾದ ಸಾವು, ಒಳ್ಳೆಯ ಆರೈಕೆಯಲ್ಲಿ ನೂರಕ್ಕೆ ಒಂದಕ್ಕಿಂತಲೂ ಕೆಳಗಿಳಿಯುತ್ತದೆ.

ಎಲ್ಲರಿಗೂ ಏಕಿಲ್ಲ?

ಎರಡನೆಯ ಡೆಂಗಿ ಬಂದವರೆಲ್ಲ ಉಗ್ರಸ್ಥಿತಿಗೆ ಹೋಗುವುದಿಲ್ಲ. ಬಹುಪಾಲು ಜನ ಎರಡನೆಯ ಸಲವೂ ಒಂದು ವಾರ ನರಳಿ ಎದ್ದು ಕೂರುತ್ತಾರೆ. ಕೆಲವರಿಗೆ ಬಂದದ್ದೇ ತಿಳಿಯುವುದಿಲ್ಲ. ಈ ಭೇದವೇಕೆಂಬ ಪ್ರಶ್ನೆಗೆ 2017ರಲ್ಲಿ ಎರಡು ಉತ್ತರಗಳು ದೊರೆತವು. ಮೊದಲನೆಯದು ನಿಕರಾಗುವಾ ದೇಶದಿಂದ. ಅಲ್ಲಿನ ಸಾವಿರಾರು ಮಕ್ಕಳ ರಕ್ತವನ್ನು ಹನ್ನೆರಡು ವರ್ಷ ಕಾಲ ಪರೀಕ್ಷಿಸುತ್ತ ಬಂದವರಿಗೆ ಕಂಡದ್ದಿಷ್ಟು: ಪ್ರತಿಕಾಯ ಹೇರಳವಾಗಿದ್ದ ಮಕ್ಕಳು ಕ್ಷೇಮ, ಸ್ವಲ್ಪವೂ ಇಲ್ಲದವರೂ ಹೆಚ್ಚು ಕಡಮೆ ಕ್ಷೇಮ, ನಡುವಣ ಒಂದು ಕಿರಿದಾದ ಮಟ್ಟದಲ್ಲಿ ಪ್ರತಿಕಾಯವಿದ್ದವರಿಗೆ ಮಾತ್ರ ಉಗ್ರರೋಗದ ಸಂಭವ ಏಳು ಪಟ್ಟಿಗೂ ಹೆಚ್ಚು. ಹಾಕ್ಸ್ 1964ರಲ್ಲಿ ಗಾಜಿನ ಪಾತ್ರೆಯಲ್ಲಿ ಕಂಡದ್ದನ್ನೇ ಐದು ದಶಕಗಳ ಮೇಲೆ ಮಕ್ಕಳ ರಕ್ತದ ಲೆಕ್ಕ ಹೇಳಿತು.

ಎರಡನೆಯ ಉತ್ತರ ಇನ್ನೂ ಸೂಕ್ಷ್ಮವಾದದ್ದು. ಪ್ರತಿಕಾಯದ ಪಾದಕ್ಕೆ ಸಕ್ಕರೆಯ ಜಾತಿಯ ಒಂದು ಸಣ್ಣ ಸರ ಅಂಟಿಕೊಂಡಿರುತ್ತದೆ. ಸಾಮಾನ್ಯವಾಗಿ ಆ ಸರದಲ್ಲಿ ಫ್ಯೂಕೋಸ್ ಎಂಬ ಒಂದು ಮಣಿಯಿರುತ್ತದೆ. ಆ ಮಣಿಯಿಲ್ಲದ ಪಾದ ಭಕ್ಷಕ ಕಣದ ಒಂದು ಗ್ರಾಹಿಗೆ ಹೆಚ್ಚು ಬಿಗಿಯಾಗಿ ಕೂರುತ್ತದೆ. ಉಗ್ರ ಡೆಂಗಿಯಿಂದ ನರಳಿದವರಲ್ಲಿ, ಮಣಿಯಿಲ್ಲದ ಈ ಬಗೆಯ ಪ್ರತಿಕಾಯಗಳ ಪ್ರಮಾಣ ಹೆಚ್ಚಾಗಿತ್ತು. ಒಂದು ಕಣ್ಣಿಗೆ ಕಾಣದ ಸಕ್ಕರೆಯ ಮಣಿಯ ಮೇಲೆ ಮನುಷ್ಯನ ಅಳಿವು ಉಳಿವು ತೂಗುವುದೆಂದರೆ ಆಶ್ಚರ್ಯವಲ್ಲವೆ?

ಇಷ್ಟೆಲ್ಲ ಆದ ಮೇಲೂ ಪ್ರತಿಕಾಯವೊಂದರ ಮೇಲೆಯೇ ಎಲ್ಲ ದೋಷವನ್ನೂ ಹೊರಿಸುವುದು ನ್ಯಾಯವಲ್ಲ. ಭಾರತದ ಮಕ್ಕಳನ್ನು ಕುರಿತು 2024ರಲ್ಲಿ ಪ್ರಕಟವಾದ ಒಂದು ಅಧ್ಯಯನವು, ಮೊದಲನೆಯ ಸೋಂಕಿನಲ್ಲಿಯೂ ಉಗ್ರರೋಗ ಸಾಕಷ್ಟು ಕಂಡುಬರುವುದೆಂದು ತೋರಿಸಿತು. ಆದುದರಿಂದ ಮೊದಲ ಸಲ ತಾನೆ ಎಂದು ಉದಾಸೀನ ಮಾಡುವುದೂ ಸಲ್ಲದು.

ಲಸಿಕೆಯ ಇಕ್ಕಟ್ಟು

ಡೆಂಗಿಗೆ ಲಸಿಕೆ ತಯಾರಿಸುವುದು ಇಷ್ಟು ಕಾಲ ಹಿಡಿದದ್ದೇಕೆಂಬುದು ಈಗ ತಿಳಿಯುತ್ತದೆ. ಲಸಿಕೆಯೆಂದರೆ ರೋಗದ ಹುಸಿ ಪರಿಚಯ. ಅರೆಬರೆ ಪರಿಚಯವೇ ಅಪಾಯವಾಗುವ ರೋಗಕ್ಕೆ ಅರೆಬರೆ ಲಸಿಕೆ ಕೊಟ್ಟರೆ ಗತಿಯೇನು? ಫಿಲಿಪೀನ್ಸಿನಲ್ಲಿ ಈ ಭಯ ನಿಜವಾಯಿತು. 2016ರ ಏಪ್ರಿಲಿನಿಂದ ಅಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಮೊದಲ ಡೆಂಗಿ ಲಸಿಕೆಯನ್ನು ಹಾಕಲಾಯಿತು. ಹಿಂದೆ ಡೆಂಗಿ ಬಂದಿದ್ದವರಿಗೆ ಅದು ರಕ್ಷೆಯಾದರೂ, ಎಂದೂ ಬಾರದಿದ್ದ ಮಕ್ಕಳಲ್ಲಿ ಅದೇ ಮೊದಲ ಸೋಂಕಿನಂತೆ ವರ್ತಿಸಿ, ಮುಂದೆ ಬರುವ ನಿಜವಾದ ಡೆಂಗಿಯನ್ನು ಉಗ್ರಗೊಳಿಸುವ ಸಂಭವವುಂಟೆಂದು 2017ರ ನವೆಂಬರಿನಲ್ಲಿ ತಯಾರಕರೇ ಪ್ರಕಟಿಸಬೇಕಾಯಿತು. ಮರುತಿಂಗಳೇ ಆ ಯೋಜನೆ ನಿಂತಿತು. ತಾಯಿತಂದೆಗಳ ರೋಷಕ್ಕೆ ಮೇರೆಯಿರಲಿಲ್ಲ. ದಡಾರ ಮೊದಲಾದ ಬೇರೆ ಲಸಿಕೆಗಳ ಮೇಲಿನ ನಂಬಿಕೆಗೂ ಪೆಟ್ಟು ಬಿತ್ತು. ಲಸಿಕೆಗೆ ಮುಂಚೆ ರಕ್ತಪರೀಕ್ಷೆ ಮಾಡಿ, ಹಿಂದೆ ಡೆಂಗಿ ಬಂದವರಿಗಷ್ಟೇ ಅದನ್ನು ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಸಲಹೆಯಿತ್ತಿತು.

ನಾಲ್ವರು ಅಣ್ಣತಮ್ಮಂದಿರ ವಿರುದ್ಧವೂ ಸಮನಾಗಿ, ಬಿಗಿಯಾಗಿ ಹಿಡಿಯುವ ಪ್ರತಿಕಾಯವನ್ನು ಹುಟ್ಟಿಸುವ ಲಸಿಕೆಯೇ ಬೇಕಾದದ್ದು. ಅಂಥ ಗುರಿಯಿಟ್ಟು, ಒಂದೇ ಸಲ ಹಾಕುವ ಲಸಿಕೆಯೊಂದರ ಮೂರನೆಯ ಹಂತದ ಪರೀಕ್ಷೆ 2024ರ ಆಗಸ್ಟಿನಲ್ಲಿ ಭಾರತದಲ್ಲಿ ಆರಂಭವಾಯಿತು. ಅದಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಮಂದಿಯನ್ನು ಸೇರಿಸಿಕೊಳ್ಳುವ ಯೋಜನೆಯಾಯಿತು. ಇಂಥ ಪರೀಕ್ಷೆಗಳಲ್ಲಿ ಅವಸರ ಸಲ್ಲದೆಂಬುದಕ್ಕೆ ಫಿಲಿಪೀನ್ಸಿನ ಮಕ್ಕಳೇ ಸಾಕ್ಷಿ.

ಮನೆಯ ಲೆಕ್ಕ

ಇದು ದೂರದೇಶದ ಕಥೆಯೆಂದು ಪುಟ ಮಗುಚುವಂತಿಲ್ಲ. 2017-18ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು ದೇಶದ ಹದಿನೈದು ರಾಜ್ಯಗಳಲ್ಲಿ ಐದರಿಂದ ನಲವತ್ತೈದು ವರ್ಷದೊಳಗಿನವರ ರಕ್ತವನ್ನು ಪರೀಕ್ಷಿಸಿ ನೋಡಿದರು. ನೂರಕ್ಕೆ 48.7 ಮಂದಿಯಲ್ಲಿ ಹಿಂದೊಮ್ಮೆ ಡೆಂಗಿ ಬಂದ ಗುರುತಿತ್ತು. ದಕ್ಷಿಣ ಭಾರತದಲ್ಲಿ ಈ ಅಂಕಿ 76.9! ಇವರಲ್ಲಿ ಎಷ್ಟೋ ಮಂದಿಗೆ ತಮಗೆ ಡೆಂಗಿ ಬಂದಿತ್ತೆಂಬ ಅರಿವೇ ಇರಲಾರದು. ಯಾವುದೋ ಮಳೆಗಾಲದ ಎರಡು ದಿನದ ಮೈಕೈ ನೋವೆಂದು ಕಷಾಯ ಕುಡಿದು ಮರೆತಿರಬಹುದು. ಮನೆಯಲ್ಲಿ ನಾಲ್ವರಿದ್ದರೆ ಮೂವರು ಎರಡನೆಯ ಸಲದ ಹೊಸ್ತಿಲಲ್ಲಿ ನಿಂತಿದ್ದಾರೆಂದು ಭಾವಿಸಿ ನಡೆಯುವುದೇ ಜಾಣತನ. ಕರ್ನಾಟಕ ಸರ್ಕಾರವು 2024ರ ಸೆಪ್ಟೆಂಬರಿನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಎಡೆಗೊಡುವವರಿಗೆ ದಂಡ ವಿಧಿಸುವ ಏರ್ಪಾಡು ಮಾಡಿದುದು ಸುಮ್ಮನಲ್ಲ.

ಜ್ವರ ಬಂದಾಗ, ಹಿಂದೆ ಡೆಂಗಿ ಬಂದಿತ್ತೆಂದು ನೆನಪಿದ್ದರೆ ವೈದ್ಯರಿಗೆ ಮೊದಲೇ ಹೇಳಬೇಕು. ನೋವಿಗೆಂದು ಆಸ್ಪಿರಿನ್ ಆಗಲಿ ಐಬುಪ್ರೊಫೆನ್ ಆಗಲಿ ನುಂಗಕೂಡದು. ರಕ್ತಸ್ರಾವಕ್ಕೆ ಅವು ಎಡೆಮಾಡಿಕೊಡುತ್ತವೆ. ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಸಿಟಮಾಲ್ ಸಾಕು. ಗಂಜಿ, ಎಳನೀರು, ಉಪ್ಪು ಸಕ್ಕರೆ ಬೆರೆಸಿದ ನೀರು, ಇವು ಹೊಟ್ಟೆಗೆ ಇಳಿಯುತ್ತಿರಲಿ. ತೊಟ್ಟಿಲಲ್ಲಿ ಆರೆಂಟು ತಿಂಗಳ ಕೂಸಿದ್ದರೆ ಹಗಲಿನಲ್ಲಿಯೂ ಸೊಳ್ಳೆಪರದೆ ಕಟ್ಟುವುದು ಅವಶ್ಯ. ಡೆಂಗಿಯ ಸೊಳ್ಳೆ ಕಡಿಯುವುದು ಮುಖ್ಯವಾಗಿ ಹಗಲು ಹೊತ್ತಿನಲ್ಲಿ.

ಭಕ್ಷಕ ಕಣದ ಬಾಗಿಲನ್ನು ಮುಚ್ಚುವ ಉಪಾಯವನ್ನು ವಿಜ್ಞಾನಿಗಳು ಹುಡುಕುತ್ತಿರಲಿ. ಸಂಪಿನ ಮುಚ್ಚಳ, ಸ್ನಾನದ ಮನೆಯ ಡ್ರಮ್ಮು, ಹೂಕುಂಡದ ಕೆಳಗಿನ ತಟ್ಟೆ, ಹಿತ್ತಿಲಲ್ಲಿ ಬಿದ್ದ ತೆಂಗಿನ ಚಿಪ್ಪು ಇವು ಮನೆಯವರ ಕೈಯಲ್ಲಿರುವ ಬಾಗಿಲುಗಳು. ವಾರಕ್ಕೊಮ್ಮೆ ಅವನ್ನು ನೋಡಿ, ನಿಂತ ನೀರನ್ನು ಚೆಲ್ಲಿ, ಪಾತ್ರೆಯನ್ನು ತಿಕ್ಕಿ ಮುಚ್ಚಿಡಲು ಅರ್ಧ ಗಂಟೆ ಸಾಕು. ದೇಹದ ಬೇಲಿ ತನಗೆ ಅರಿವಿಲ್ಲದೆ ಹೊಲ ಮೇಯುತ್ತದೆ. ಅದಕ್ಕೆ ಶತ್ರುವಿನ ಗುರುತು ತಪ್ಪಿದೆ. ಮನೆಯ ಬೇಲಿಯನ್ನು ಕಾಯುವವರಿಗೆ ಆ ನೆಪವಿಲ್ಲ.